ಮೂವತ್ತು ನಲವತ್ತರಲ್ಲಿ ತೊಟ್ಟಿ ಮನೆ: ಹುಚ್ಚೋ, ಲೆಕ್ಕವೋ?

ಮೈಸೂರಿನ ರಿಂಗ್ ರಸ್ತೆ ದಾಟಿ ಹೋಗುವ ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವರಿಗೆ ಒಂದು ನೋಟ ದಿನಾ ಕಾಣುತ್ತದೆ. ಹೊಸ ಬಡಾವಣೆ, ಸಾಲು ಮನೆಗಳು. ಮುಂಭಾಗಕ್ಕೆ ಥಳಥಳ ಗ್ರಾನೈಟು. ತಲೆಯ ಮೇಲೆ ಮುಂದಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕೈ ಚಾಚಿದರೆ ಮುಟ್ಟುವಷ್ಟು ಸಂದಿ. ಮಧ್ಯಾಹ್ನ ಹನ್ನೆರಡು ಗಂಟೆ, ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಹಾಲಿನಲ್ಲಿ ಮಾತ್ರ ಲೈಟು ಉರೀತಾ ಇರುತ್ತದೆ.

ಜೀವಮಾನದ ಸಾಲ ಮಾಡಿ ಕಟ್ಟಿಸಿದ ಮನೆ. ಅದರಲ್ಲಿ ಹಟ್ಟಹಗಲಲ್ಲಿ ಪೇಪರ್ ಓದೋಕೂ ಸ್ವಿಚ್ಚು ಹಾಕಬೇಕು. ಏನ್ ಸ್ವಾಮಿ ಇದು?

ಸಂತೇಪೇಟೆ ಕಡೆಯ ದಿನಸಿ ಅಂಗಡಿಯವರೊಬ್ಬರ ಮನೆಯಲ್ಲಿ ಈಚೆಗೆ ಜಗಳ ಹತ್ತಿದ್ದು ಇದೇ ವಿಷಯಕ್ಕೆ. ಬಾಡಿಗೆ ಮನೆಯಲ್ಲೇ ಅರ್ಧ ಆಯುಸ್ಸು ಕಳೆದು, ಚೀಟಿ ಹಾಕಿ, ಒಡವೆ ಅಡವಿಟ್ಟು ಬಿಡಿಸಿ, ಕೊನೆಗೂ ಒಂದು 30-40 ಸೈಟು ಕೊಂಡವರು. ಗುದ್ದಲಿ ಪೂಜೆಗೆ ದಿನ ನೋಡಿದ್ದಾಗಿದೆ. ಪ್ಲಾನು ಬರೆಸುವ ಹೊತ್ತಿಗೆ ಮನೆಯ ಅಜ್ಜಿ ಒಂದು ಮಾತು ಎತ್ತಿದರು: "ನಡುವೆ ಒಂದು ತೊಟ್ಟಿ ಬಿಡ್ರಪ್ಪ."

ಮೇಸ್ತ್ರಿ ನಕ್ಕುಬಿಟ್ಟ. "ಯಜಮಾನ್ರೇ, ನಡುವೆ ತೂತು ಬಿಡೋಕೆ ಯಾರಾದ್ರೂ ಬ್ಯಾಂಕಲ್ಲಿ ಸಾಲ ಮಾಡ್ತಾರಾ?"

ಮೊಮ್ಮಗ ಸಮಾಧಾನ ಹೇಳಿದ: "ಅಜ್ಜಿ, ನಿಮ್ಮ ಕಾಲ ಬೇರೆ."

ಟಿ. ನರಸೀಪುರದ ಕಡೆ ತೊಟ್ಟಿ ಮನೆಯಲ್ಲಿ ಹುಟ್ಟಿ ಬೆಳೆದ ಅಜ್ಜಿ ಸುಮ್ಮನೆ ಬಿಡುವವರಲ್ಲ. "ಕಾಲ ಬೇರೆ ಕಣಪ್ಪ, ಒಪ್ಪಿದೆ. ಸೂರ್ಯನೂ ಬೇರೇನಾ?"

ಪ್ರಶ್ನೆ ಅಲ್ಲಿಗೆ ನಿಂತಿದೆ. ಇದು ಒಂದು ಮನೆಯ ಜಗಳವಲ್ಲ. ಸೈಟು ಇಟ್ಟುಕೊಂಡು ಕೂತ ಎಷ್ಟೋ ಮನೆಗಳಲ್ಲಿ ಆಡದೆ ಉಳಿದ ಜಗಳ. ತೊಟ್ಟಿ ಎನ್ನುವುದು ಹಳೇ ಮುದುಕರ ಹಂಬಲವೋ, ಅಥವಾ ಇವತ್ತಿನ ಆರ್‌ಸಿಸಿ ಮನೆಗೂ ಒಪ್ಪುವ ಲೆಕ್ಕವೋ? ಒಂದು ಸಲ ಕೂಡಿ ಕಳೆದು ನೋಡಿದರೆ ನಷ್ಟವೇನಿಲ್ಲ.

ಅರಮನೆಗೂ ತೊಟ್ಟಿ, ಗೌಡರಿಗೂ ತೊಟ್ಟಿ

ತೊಟ್ಟಿ ಈ ಊರಿಗೆ ಹೊಸದಲ್ಲ. ಮೈಸೂರು ಅರಮನೆಯೊಳಗೇ ಗೊಂಬೆ ತೊಟ್ಟಿ, ಕನ್ನಡಿ ತೊಟ್ಟಿ, ಸವಾರಿ ತೊಟ್ಟಿ ಎಂದು ಹೆಸರುಗಳಿವೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿ ಹಾಕಿಕೊಟ್ಟ ನಕ್ಷೆಯಂತೆ 1912ಕ್ಕೆ ಹೊಸ ಅರಮನೆ ಮುಗಿಯಿತು. ಗುಮ್ಮಟ, ಕಮಾನು, ಬಣ್ಣದ ಗಾಜು ಏನೆಲ್ಲ ಬಂದರೂ ನಡುವಿನ ಬಯಲು ಮಾತ್ರ ಉಳಿಯಿತು.

ಅರಮನೆಯ ಮಾತು ಬಿಡಿ. ನಾಲ್ಕಂಕಣ, ಎಂಟಂಕಣದ ತೊಟ್ಟಿ ಮನೆ ಹಳೇ ಮೈಸೂರು ಸೀಮೆಯ ಹಳ್ಳಿಹಳ್ಳಿಯಲ್ಲೂ ಇತ್ತು, ಕೆಲವು ಕಡೆ ಈಗಲೂ ಇದೆ. ಮಲೆನಾಡಿನಲ್ಲಿ ಚೌಕಿ ಮನೆ, ಕೇರಳದಲ್ಲಿ ನಾಲುಕೆಟ್ಟು. ಹೆಸರು ಬೇರೆ, ಕಟ್ಟುವ ಬಗೆ ಹೆಚ್ಚುಕಡಿಮೆ ಒಂದೇ. ನಾಲ್ಕು ಸುತ್ತ ಕಂಬ, ಕಂಬದ ಹಿಂದೆ ಜಗಲಿ, ಜಗಲಿಯ ಹಿಂದೆ ಕೋಣೆ. ನಡುವೆ ಆಕಾಶ.

ಆ ಬಯಲು ಖಾಲಿ ಜಾಗವಾಗಿರಲಿಲ್ಲ. ಬೆಳಿಗ್ಗೆ ಅಲ್ಲೇ ಪಾತ್ರೆ, ಹತ್ತು ಗಂಟೆಗೆ ಅಲ್ಲೇ ಅಕ್ಕಿ ಆರಿಸುವುದು, ಮಧ್ಯಾಹ್ನ ಹಪ್ಪಳ ಸಂಡಿಗೆ, ಸಂಜೆ ಮಕ್ಕಳ ಆಟ. ಬೀದಿಗೆ ಕಾಣದೆ ಬಿಸಿಲು ಕಾಯಿಸಿಕೊಳ್ಳಲು ಬಾಣಂತಿಗೆ ಅದೊಂದೇ ಸ್ಥಳ. ಸಾವಾದರೂ ಮದುವೆಯಾದರೂ ಜನ ಕೂಡುತ್ತಿದ್ದುದು ಅಲ್ಲೇ.

ಹೋದದ್ದು ಹೇಗೆ? ಅಣ್ಣತಮ್ಮಂದಿರು ಭಾಗವಾದರು. ತೊಟ್ಟಿಯ ನಡುವೆ ಗೋಡೆ ಎದ್ದಿತು. ಅರ್ಧ ತೊಟ್ಟಿಯಿಂದ ಯಾರಿಗೂ ಉಪಯೋಗವಿಲ್ಲ ಎಂದು ಇಬ್ಬರೂ ಮೇಲೆ ಮೌಲ್ಡು ಹಾಕಿಸಿದರು. ನಡುಮನೆ ಕತ್ತಲಾಯಿತು. ಹೊಸ ಬಡಾವಣೆಗೆ ಹೋದವರಿಗೆ ತೊಟ್ಟಿ ಬೇಕೆಂದು ಅನ್ನಿಸಲೇ ಇಲ್ಲ. ಯಾಕೆಂದರೆ ಅವರ ಕಣ್ಣಿಗೆ ಬಿದ್ದಿದ್ದು ಬಂಗಲೆ.

ಬಂಗಲೆಯ ಮರಿ

ಬಂಗಲೆ ಎಂದರೆ ಏನು? ದೊಡ್ಡ ತೋಟ, ತೋಟದ ನಡುವೆ ಮನೆ. ಸುತ್ತಲಿನ ಮರದ ಮೇಲಿಂದ ಬೆಳಕು, ಗಾಳಿ. ಒಂದು ಎಕರೆ ಇದ್ದವರಿಗೆ ಅದು ಭೇಷಾದ ಏರ್ಪಾಡು.

ಮೈಸೂರಿನಲ್ಲಿ ಮನೆ ಸುತ್ತ ಜಾಗ ಬಿಡಬೇಕೆಂಬ ಮಾತಿಗೆ ಇನ್ನೊಂದು ಕಾರಣವೂ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದು ಊರನ್ನು ಅಲ್ಲಾಡಿಸಿತು. ಇಕ್ಕಟ್ಟು ಓಣಿ, ಗಾಳಿಯಾಡದ ಮನೆಗಳ ಭಯ ಹುಟ್ಟಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿಕೊಂಡು ಹೊಸ ಮೊಹಲ್ಲ, ಅಗಲ ರಸ್ತೆ, ಅಳತೆಯ ಸೈಟುಗಳ ಕೆಲಸ ನಡೆಯಿತು. ಉದ್ದೇಶ ಗಾಳಿ, ಬೆಳಕು. ಒಳ್ಳೆಯದೇ.

ಆದರೆ ಒಂದು ಎಕರೆಯ ಏರ್ಪಾಡನ್ನು 30-40 ಸೈಟಿಗೆ ಇಳಿಸಿದರೆ ಏನಾಗುತ್ತದೆ? ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಸೈಟು 1200 ಚದರಡಿ. ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟರೆ ಕಟ್ಟಲು ಉಳಿಯುವುದು 24-34, ಅಂದರೆ 816 ಚದರಡಿ. ಬಿಟ್ಟದ್ದು 384. ಸೈಟಿನ ಮೂರರಲ್ಲೊಂದು ಪಾಲು!

ಆ 384 ಚದರಡಿ ಹೋಗುವುದೆಲ್ಲಿಗೆ? ನಾಲ್ಕು ಸಂದಿಗೆ. ಅಲ್ಲಿ ಸೈಕಲ್ಲು ತಿರುಗುವುದಿಲ್ಲ, ಗಿಡ ಬದುಕುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ. ಮುರಿದ ಬಕೆಟ್ಟು, ಉಳಿದ ಟೈಲ್ಸು, ಗ್ಯಾಸ್ ಸಿಲಿಂಡರು ಇಡುವ ಜಾಗ. ಮೂರಡಿ ಸಂದಿಗೆ ಕಿಟಕಿ ಇಟ್ಟು, ಪಕ್ಕದವರೂ ಅವರ ಮೂರಡಿ ಬಿಟ್ಟು ಎರಡು ಅಂತಸ್ತು ಎಬ್ಬಿಸಿದರೆ ಆ ಕಿಟಕಿಯಲ್ಲಿ ಬೆಳಕೂ ಇಲ್ಲ, ಮರ್ಯಾದೆಯೂ ಇಲ್ಲ. ಪರದೆ ಎಳೆದು ಕೂರಬೇಕು.

ಅದೇ 384 ಚದರಡಿಯನ್ನು ಒಂದೇ ಕಡೆ ಕೂಡಿಸಿದ್ದರೆ? 16 ಅಡಿ ಅಗಲ, 24 ಅಡಿ ಉದ್ದದ ಅಂಗಳ! ಕಲ್ಯಾಣ ಮಂಟಪಕ್ಕೆ ಹೋಗದೆ ನಾಮಕರಣ ಮಾಡಬಹುದು.

ಹಾಗೆಂದು ಸಂದಿ ಬಿಡದೆ ಕಟ್ಟಿ ಎಂದು ಯಾರೂ ಹೇಳುತ್ತಿಲ್ಲ. ಎಷ್ಟು ಬಿಡಬೇಕೆಂಬ ನಿಯಮ ಸೈಟಿನ ಅಳತೆಗೆ, ರಸ್ತೆಗೆ ತಕ್ಕಂತೆ ಬೇರೆ ಬೇರೆ. ಕಚೇರಿಯಲ್ಲಿ ಕೇಳಿ, ಅದರಂತೆಯೇ ನಡೆಯಬೇಕು. ಪ್ರಶ್ನೆ ಇರುವುದು ಉಳಿದ 816ರಲ್ಲಿ. ಅದರಲ್ಲಿ 10-12ರ ಒಂದು ಚೌಕ, ಅಂದರೆ 120 ಚದರಡಿ, ಆಕಾಶಕ್ಕೆ ಬಿಡಬೇಕೋ ಬೇಡವೋ?

ಸೈಟಿನ ಹತ್ತರಲ್ಲೊಂದು ಪಾಲು. ಒಂದು ಮಲಗುವ ಕೋಣೆ. ಮೊಮ್ಮಗನ ವಾದ ಇದೇ: "ಒಂದು ರೂಮೇ ಹೋಯ್ತಲ್ಲ ಅಪ್ಪಾಜಿ."

ಕೊಳಂಬೊದಲ್ಲಿ ಒಂದು ಮನೆ

ಇದೇ ವಾದ ಅರವತ್ತು ವರ್ಷಗಳ ಹಿಂದೆ ಸಿಂಹಳದ ರಾಜಧಾನಿ ಕೊಳಂಬೊದಲ್ಲೂ ಇತ್ತು. ಅಲ್ಲೂ ಬಂಗಲೆಯ ಹುಚ್ಚು. ಊರು ಬೆಳೆದಂತೆ ಸೈಟು ಚಿಕ್ಕದಾದರೂ ಮನೆಯ ನಮೂನೆ ಮಾತ್ರ ಬಂಗಲೆಯದೇ.

ಅಲ್ಲಿ ಜೆಫ್ರಿ ಬಾವಾ ಎಂಬೊಬ್ಬರಿದ್ದರು. ಹುಟ್ಟಿದ್ದು 1919, ಓದಿದ್ದು ವಕೀಲಿಕೆ. ಅದು ಒಗ್ಗದೆ, 38ನೆಯ ವಯಸ್ಸಿಗೆ ವಾಸ್ತುಶಿಲ್ಪದ ಪರೀಕ್ಷೆ ಪಾಸು ಮಾಡಿದ ಆಸಾಮಿ. ಮುಂದೆ ಶ್ರೀಲಂಕಾದ ಪಾರ್ಲಿಮೆಂಟ್ ಭವನಕ್ಕೆ ನಕ್ಷೆ ಹಾಕಿದವರೂ ಇವರೇ. 1960ರಲ್ಲಿ ಇವರ ಬಳಿಗೆ ಏನಾ ಡಿಸಿಲ್ವಾ ಎಂಬ ಮಹಿಳೆ ಬಂದರು. ಬಾತಿಕ್ ಬಟ್ಟೆಯ ಕಲೆಗೆ ಆ ದೇಶದಲ್ಲಿ ಹೆಸರು ತಂದವರು. ಗಂಡ ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿ ನಿವೃತ್ತರು. ಆಕೆಗೆ ಬೇಕಿದ್ದುದು ಎರಡು: ಮನೆ ಹೊಸ ಕಾಲದ್ದಾಗಿರಬೇಕು, ಆದರೆ ಹಿರಿಯರ ಮನೆಯ ಬಯಲು, ಗಾಳಿ ಅದರಲ್ಲಿರಬೇಕು.

ಬಾವಾ ಮಾಡಿದ್ದಿಷ್ಟೆ. ಬಂಗಲೆಯನ್ನು ಮಗುಚಿ ಹಾಕಿದರು. ತೋಟದ ನಡುವೆ ಮನೆ ಇಡುವ ಬದಲು ಮನೆಯ ನಡುವೆ ತೋಟ ಇಟ್ಟರು. ಬೀದಿಗೆ ಗೋಡೆ. ಒಳಗೆ ಒಂದು ದೊಡ್ಡ ಅಂಗಳ, ಅಂಚಿನಲ್ಲಿ ಸಣ್ಣ ಅಂಗಳಗಳು. ಕೋಣೆಗಳೆಲ್ಲ ಅವುಗಳ ಕಡೆಗೆ ತೆರೆದುಕೊಂಡು ನಿಂತವು, ಮೇಲೆ ಹೆಂಚಿನ ಸೂರು. ಸಿಂಹಳದ ಹಳೇ ಮನೆಗಳ ನಡುವಿನ ಅಂಗಳಕ್ಕೆ ಅವರ ಭಾಷೆಯಲ್ಲಿ 'ಮೆದ ಮಿದುಲ' ಎನ್ನುತ್ತಾರೆ. ಅದನ್ನೇ ಪೇಟೆಯ ಸೈಟಿಗೆ ತಂದು ಕೂರಿಸಿದರು. 1962ಕ್ಕೆ ಮನೆ ಮುಗಿಯಿತು. ಇಂದಿಗೂ ವಾಸ್ತುಶಿಲ್ಪ ಓದುವ ಹುಡುಗರು ಆ ಮನೆಯ ನಕ್ಷೆ ಮುಂದಿಟ್ಟುಕೊಂಡು ಕೂರುತ್ತಾರೆ.

ಆ ಮನೆಯ ಬೆಲೆ ಜನಕ್ಕೆ ಗೊತ್ತಾಗಿದ್ದು 2009ರಲ್ಲಿ. ಜಾಗ ಬೇರೆಯವರ ಕೈಗೆ ಹೋಯಿತು, ಕೆಡವುವುದೊಂದೇ ದಾರಿ. ಆಗ ಮನೆಯನ್ನು ಕೆಡವಲಿಲ್ಲ, ಬಿಚ್ಚಿದರು! ಬಿಚ್ಚಿದ ಭಾಗಗಳಿಗೆ ನಂಬರು ಹಾಕಿ, ಬೆಂತೋಟದ ಬಳಿಯ ಲುನುಗಂಗ ಎಂಬ ಬಾವಾ ಅವರ ತೋಟಕ್ಕೆ ಸಾಗಿಸಿ, 2016ರ ಹೊತ್ತಿಗೆ ಇದ್ದ ಹಾಗೆಯೇ ನಿಲ್ಲಿಸಿದರು. ಮನೆಯ ನಡುವಿನ ಬಯಲನ್ನು ಲಾರಿಗೆ ಹೇರಲು ಬರುವುದಿಲ್ಲ. ಸುತ್ತಲಿನ ಕಂಬ, ಗೋಡೆ ಸರಿಯಾದ ಅಳತೆಗೆ ಎದ್ದಾಗ ಬಯಲು ತಾನಾಗಿ ಬಂದು ಕೂತಿತು.

ಇದು ದುಡ್ಡಿದ್ದವರ ಕಥೆ ಎನ್ನಬಹುದು. ಕರ್ನಾಟಕದಲ್ಲೂ ಉದಾಹರಣೆ ಇದೆ. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ತಮಗೆಂದೇ ಕಟ್ಟಿಸಿಕೊಂಡ ಮನೆಯೂ ನಡುವಿನ ಅಂಗಳದ ಸುತ್ತ ಎದ್ದದ್ದೇ. ಬನ್ನೇರುಘಟ್ಟ ರಸ್ತೆಯ ಐಐಎಂ ಕೂಡ ಅಂಗಳಗಳ ಸುತ್ತ ಹೆಣೆದದ್ದು, ಅದು ಬಿ.ವಿ. ದೋಶಿ ಅವರ ಕೆಲಸ. ಊರೆಲ್ಲ ಬಂಗಲೆಯ ಮರಿ ಕಟ್ಟುತ್ತಿದ್ದಾಗ ತಿಳಿದವರು ತೊಟ್ಟಿ ಕಟ್ಟಿಕೊಳ್ಳುತ್ತಿದ್ದರು ಎಂದಾಯಿತು.

ದೊಡ್ಡವರಿಗೆ ಒಪ್ಪಿದ್ದು 30-40ಕ್ಕೆ ಒಪ್ಪಬೇಕೆಂದೇನೂ ಇಲ್ಲ. ಚಿಕ್ಕ ಸೈಟಿನಲ್ಲಿ ಅಳತೆ ತಪ್ಪಿದರೆ ತೊಟ್ಟಿ ಹೋಗಿ ಬಾವಿಯಾಗುತ್ತದೆ. ಅದಕ್ಕೇ ಮೊದಲು ಬಿಸಿಲಿನ ಲೆಕ್ಕ.

ಸೂರ್ಯ ಎಲ್ಲಿಂದ ಇಣುಕುತ್ತಾನೆ?

ಮೈಸೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದ ಸುಮಾರಿಗೊಮ್ಮೆ. ಡಿಸೆಂಬರ್ 21ರ ಹೊತ್ತಿಗೆ ನಡುಹಗಲಲ್ಲೂ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿಯಲ್ಲಿರುತ್ತಾನೆ. ಆಗ ದಕ್ಷಿಣದ ಹತ್ತಡಿ ಗೋಡೆಯ ನೆರಳು ಅಂಗಳದಲ್ಲಿ ಏಳಡಿ ಚಾಚುತ್ತದೆ. ಉತ್ತರ ದಕ್ಷಿಣವಾಗಿ ತೊಟ್ಟಿ 12 ಅಡಿ ಇದ್ದರೆ ಐದಡಿ ಬಿಸಿಲು ಉಳಿಯಿತು. ತುಳಸಿಗೂ ಸಾಕು, ಅಜ್ಜಿಗೂ ಸಾಕು.

ಅದೇ ದಕ್ಷಿಣದ ಕಡೆ ಎರಡು ಅಂತಸ್ತು, ಇಪ್ಪತ್ತಡಿ ಎಬ್ಬಿಸಿದರೆ? ನೆರಳು 14 ಅಡಿ. ಚಳಿಗಾಲದಲ್ಲಿ ತೊಟ್ಟಿಯ ನೆಲಕ್ಕೆ ನಡುಹಗಲ ಬಿಸಿಲು ಸೊನ್ನೆ. ಪಾಚಿ ಕಟ್ಟುತ್ತದೆ, ಜಾರಿ ಬೀಳುತ್ತಾರೆ, ಆಮೇಲೆ "ತೊಟ್ಟಿ ದರಿದ್ರ" ಎಂಬ ಮಾತು.

ಹಾಗಾದರೆ ಮೇಲಂತಸ್ತು ಬೇಡವೆ? ಬೇಕಾದರೆ ಉತ್ತರದ ಕಡೆ ಎತ್ತಿರಿ. ಜೂನ್ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ಸರಿದರೂ ಹೆಚ್ಚು ವಾಲುವುದಿಲ್ಲ. ಇಪ್ಪತ್ತಡಿ ಗೋಡೆಗೂ ನಡುಹಗಲ ನೆರಳು ನಾಲ್ಕೇ ಅಡಿ. ಪಶ್ಚಿಮದ ಕಡೆ ಎತ್ತಿದರೂ ಸರಿಯೆ, ಸಂಜೆಯ ಉರಿ ತಡೆಯುತ್ತದೆ. ಪೂರ್ವ ಮತ್ತು ದಕ್ಷಿಣ ತಗ್ಗಾಗಿರಲಿ. ಈ ಒಂದು ಮಾತು ಪ್ಲಾನು ಬರೆಯುವವರಿಗೆ ಮೊದಲೇ ಹೇಳಿದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಲಾಭ ಲೆಕ್ಕಕ್ಕೆ ಸಿಗದ್ದು. ಸಂದಿಯ ಕಿಟಕಿಯ ಬೆಳಕು ಪಕ್ಕದವರ ಮರ್ಜಿ. ಇವತ್ತು ಖಾಲಿ ಸೈಟು, ನಾಳೆ ಮೂರು ಅಂತಸ್ತು. ತೊಟ್ಟಿಯ ಬೆಳಕು ಮೇಲಿನಿಂದ ಬರುವುದು. ಪಕ್ಕದಲ್ಲಿ ಏನು ಎದ್ದರೂ ಅದು ಪೂರ್ತಿ ಹೋಗುವುದಿಲ್ಲ.

ಮಳೆ ಬಂದರೆ ಗತಿ?

ಮೇಸ್ತ್ರಿಯ ದೊಡ್ಡ ಆಕ್ಷೇಪಣೆ ಮಳೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಒಂದೇ ಸಂಜೆ 50 ಮಿಲಿಮೀಟರ್ ಮಳೆ ಹೊಡೆಯಿತು ಎನ್ನಿ. 120 ಚದರಡಿ ತೊಟ್ಟಿಗೆ ನೇರವಾಗಿ ಬೀಳುವುದು ಸುಮಾರು 550 ಲೀಟರ್. ಹೆದರುವಂಥದ್ದೇನಲ್ಲ. ಆದರೆ ಹಳೇ ತೊಟ್ಟಿ ಮನೆಯ ಹಾಗೆ ಸುತ್ತಲ ಮಾಡೆಲ್ಲ ಒಳಕ್ಕೆ ಇಳಿಜಾರಾಗಿದ್ದರೆ ಇಡೀ ಮನೆಯ ನೀರು, ಸುಮಾರು 3,800 ಲೀಟರ್, ತೊಟ್ಟಿಗೇ ಬರುತ್ತದೆ. ಪೈಪಿನ ಬಾಯಿಗೆ ನಾಲ್ಕು ಎಲೆ ಅಡ್ಡ ಕೂತರೆ ಒಂದಡಿಗೂ ಮಿಕ್ಕಿ ನೀರು ನಿಂತು ಹಾಲಿಗೆ ನುಗ್ಗುತ್ತದೆ. ಅಕ್ಕಿ ಮೂಟೆ ತೇಲುತ್ತದೆ.

ಆದ್ದರಿಂದ ತಾರಸಿಯ ಇಳಿಜಾರು ಹೊರಕ್ಕಿರಲಿ, ಆ ನೀರು ಪೈಪಿನಲ್ಲಿ ಸಂಪಿಗೆ ಹೋಗಲಿ. ತೊಟ್ಟಿಯ ನೆಲ ಮನೆಯ ನೆಲಕ್ಕಿಂತ ಆರರಿಂದ ಒಂಬತ್ತು ಅಂಗುಲ ತಗ್ಗಿರಲಿ. ನೀರು ಹೋಗಲು ನಾಲ್ಕಂಗುಲದ ಪೈಪು ಒಂದಲ್ಲ, ಎರಡಿರಲಿ, ಬೇರೆ ಬೇರೆ ಮೂಲೆಯಲ್ಲಿ. ಮೇಲೆ ಜಾಲರಿ. ಪೈಪು ಕಟ್ಟಿಕೊಂಡರೆ ಕೈ ಹಾಕಿ ತೆಗೆಯುವಂತಿರಬೇಕು. ಇವೆಲ್ಲ ಪಾಯ ತೋಡುವಾಗಲೇ ಆಗಬೇಕು. ಟೈಲ್ಸು ಹಾಕಿಸಿದ ಮೇಲೆ ನೆನಪಾದರೆ ಅಗೆಯುವುದೇ ಗತಿ.

ಎರಚಲಿಗೆ ಸಜ್ಜ ಬೇಕು. ಆದರೆ ಅದಕ್ಕೂ ಮಿತಿಯುಂಟು. ನಾಲ್ಕೂ ಕಡೆ ಎರಡೆರಡು ಅಡಿ ಸಜ್ಜ ಚಾಚಿದರೆ 10-12ರ ತೊಟ್ಟಿಯಲ್ಲಿ ಆಕಾಶ ಉಳಿಯುವುದು 6-8 ಅಡಿ ಮಾತ್ರ. ಒಂದೂವರೆ ಅಡಿ ಸಾಕು. ಮಳೆಗಾಳಿ ಹೊಡೆಯುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಅದರ ಎದುರಿನ ಕಡೆ ಸೋಫಾ, ಟೀವಿ ಇಡದಿದ್ದರೆ ಆಯಿತು.

ಮಳೆಯಿಂದ ಬರುವ ಲಾಭವೂ ಇದೆ. ಮೈಸೂರಿಗೆ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರ್ ಮಳೆ. 816 ಚದರಡಿ ಮನೆಯ ಮೇಲೆ ಬೀಳುವುದು ಹೆಚ್ಚುಕಡಿಮೆ 60 ಸಾವಿರ ಲೀಟರ್. ಪೋಲಾದದ್ದು, ಆವಿಯಾದದ್ದು ಕಳೆದು 45 ಸಾವಿರ ಹಿಡಿದರೂ ಎಂಟು ಟ್ಯಾಂಕರು ನೀರು. ಬೇಸಿಗೆಯಲ್ಲಿ ಟ್ಯಾಂಕರಿನವರ ಮುಂದೆ ಕೈಮುಗಿದು ನಿಂತವರಿಗೆ ಇದರ ಬೆಲೆ ಗೊತ್ತು.

ಗಿಡ, ಸೊಳ್ಳೆ, ಕಳ್ಳ

ಮನೆಯ ಸೊಸೆಯ ಆಕ್ಷೇಪಣೆ ಬೇರೆ. "ಎಲ್ಲರೂ ತೊಟ್ಟಿ ತೊಟ್ಟಿ ಅಂತೀರಿ. ಉದುರಿದ ಎಲೆ ಗುಡಿಸೋರು ಯಾರು? ನಾನೇ ತಾನೆ?"

ಇದಕ್ಕೆ ಉತ್ತರ ಗಿಡದ ಆಯ್ಕೆಯಲ್ಲಿದೆ. ಹಲಸು, ಮಾವು, ಅರಳಿ, ಗೋಣಿಯಂಥ ದೊಡ್ಡ ಬೇರಿನ ಮರಗಳಿಗೆ 120 ಚದರಡಿ ಸಾಲದು. ಪಾಯಕ್ಕೆ ಕೈ ಹಾಕುತ್ತವೆ. ಕರಿಬೇವು, ದಾಸವಾಳ, ಪಾರಿಜಾತ, ದೇವಕಣಗಿಲೆ ಇವು ಅಳತೆಗೆ ಒಗ್ಗುತ್ತವೆ. ಒಂದು ಮರ, ಒಂದು ತುಳಸಿ ಕಟ್ಟೆ, ಎರಡು ಬಳ್ಳಿ. ಅದಕ್ಕಿಂತ ಹೆಚ್ಚು ತುಂಬಿದರೆ ಕಾಡು. ಇಡೀ ನೆಲಕ್ಕೆ ಟೈಲ್ಸು ಬೇಡ. ಅರ್ಧ ಕಡಪ ಕಲ್ಲೋ ಒರಟು ಚಪ್ಪಡಿಯೋ, ಅರ್ಧ ಮಣ್ಣು. ಮಣ್ಣಿದ್ದರೆ ನೀರು ಇಂಗುತ್ತದೆ, ಮಧ್ಯಾಹ್ನದ ಕಾವು ಇಳಿಯುತ್ತದೆ. ಗುಡಿಸುವ ಕೆಲಸ ಪಾಳಿಯ ಮೇಲೆ ನಡೆಯಲಿ. ಅದು ಮನೆಯವರು ಕೂತು ತೀರ್ಮಾನಿಸುವ ವಿಷಯ, ಇಂಜಿನಿಯರಿಗೆ ಸೇರಿದ್ದಲ್ಲ.

ಸೊಳ್ಳೆಯ ಭಯ ನಿಜ. ಡೆಂಗ್ಯೂ ಹರಡುವ ಸೊಳ್ಳೆಗೆ ಕೊಳಚೆ ಬೇಕಿಲ್ಲ. ಕುಂಡದ ತಟ್ಟೆಯಲ್ಲಿ ನಿಂತ ತಿಳಿನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ತಟ್ಟೆ ಚೆಲ್ಲಿ ಒಣಗಿಸಿದರೆ ಅದರ ಸಂಸಾರ ಅಲ್ಲಿಗೇ ನಿಂತಿತು. ಕೊಳ ಬೇಕೇ ಬೇಕೆನ್ನುವವರು ಗಪ್ಪಿ ಮೀನು ಬಿಡಲಿ. ಕೋಣೆಗಳ ಕಡೆಯ ಕಿಟಕಿಗೆ ಜಾಲರಿ ಇರಲಿ.

ಕಳ್ಳರಿಗೆ, ಕೋತಿಗಳಿಗೆ ಮೇಲೆ ಕಬ್ಬಿಣದ ಸರಳು. ಇದನ್ನು ಖರ್ಚಿನ ಪಟ್ಟಿಗೆ ಮೊದಲೇ ಸೇರಿಸಬೇಕು. ಖರ್ಚಿನ ವಿಷಯದಲ್ಲಿ ಸುಳ್ಳು ಹೇಳಬಾರದು: ತೊಟ್ಟಿ ಬಿಟ್ಟರೆ 120 ಚದರಡಿ ಮೌಲ್ಡು ಉಳಿಯುತ್ತದೆ, ಸರಿ. ಆದರೆ ಅದರ ಸುತ್ತ 44 ಅಡಿ ಉದ್ದಕ್ಕೆ ಗೋಡೆಯೋ ಕಂಬವೋ, ಬಾಗಿಲು ಕಿಟಕಿಯೋ ಬರುತ್ತದೆ. ತೊಟ್ಟಿ ಮನೆ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಳಿತಾಯ ಬರುವುದು ಆಮೇಲೆ, ಹಗಲು ಉರಿಯದ ಲೈಟಿನಲ್ಲಿ, ತಿರುಗದ ಫ್ಯಾನಿನಲ್ಲಿ.

ಫ್ಯಾನಿನ ಮಾತಿಗೆ ಒಂದು ಷರತ್ತು ಉಂಟು. ಗಾಳಿಗೆ ಬರುವ ದಾರಿಯೂ ಬೇಕು, ಹೋಗುವ ದಾರಿಯೂ ಬೇಕು. ಪ್ರತಿ ಕೋಣೆಗೆ ಹೊರಗೊಂದು, ತೊಟ್ಟಿಗೊಂದು ಕಿಟಕಿ ಇದ್ದರೆ ಮಾತ್ರ ಗಾಳಿ ಹಾದುಹೋಗುತ್ತದೆ. ಕಾದ ಗಾಳಿ ತೊಟ್ಟಿಯಿಂದ ಮೇಲಕ್ಕೆ ಹೋಗುತ್ತದೆ, ಹೊರಗಿನ ಗಾಳಿ ಒಳಕ್ಕೆ ಬರುತ್ತದೆ. ಒಂದೇ ಕಡೆ ಕಿಟಕಿ ಇಟ್ಟು ತೊಟ್ಟಿಯನ್ನು ಬೈದರೆ ಪ್ರಯೋಜನವಿಲ್ಲ.

ಶೀಟು ಹೊದಿಸುವ ಚಾಳಿ

ತೊಟ್ಟಿ ಬಿಟ್ಟವರಲ್ಲೂ ಎಷ್ಟೋ ಮಂದಿ ಮೊದಲ ಮಳೆಗಾಲ ಮುಗಿಯುವುದರೊಳಗೆ ಮೇಲೆ ಪ್ಲಾಸ್ಟಿಕ್ ಶೀಟು ಹೊದಿಸಿಬಿಡುತ್ತಾರೆ. ಬೆಳಕು ಬರುತ್ತದಲ್ಲ ಎಂಬ ಸಮಾಧಾನ. ಬೆಳಕೂ ಬರುತ್ತದೆ, ಕಾವೂ ಬರುತ್ತದೆ. ಬಂದ ಕಾವಿಗೆ ಹೋಗಲು ದಾರಿಯಿಲ್ಲ. ಏಪ್ರಿಲ್ ತಿಂಗಳಲ್ಲಿ ಮನೆಯೊಳಗೆ ಇಡ್ಲಿ ಬೇಯಿಸಬಹುದು. ಹೊದಿಸಲೇಬೇಕೆಂದರೆ ಗೋಡೆಗಿಂತ ಒಂದು ಒಂದೂವರೆ ಅಡಿ ಮೇಲೆತ್ತಿ, ನಾಲ್ಕೂ ಕಡೆ ಗಾಳಿಗೆ ಬಿಟ್ಟು ಹೊದಿಸಬೇಕು. ಮಂಜೂರಾದ ಪ್ಲಾನಿನಲ್ಲಿ ತೆರೆದ ಜಾಗ ಎಂದು ತೋರಿಸಿದ್ದನ್ನು ಆಮೇಲೆ ಮುಚ್ಚಿ ಕೋಣೆ ಮಾಡಿಕೊಂಡರೆ ನಿಯಮ ಮೀರಿದಂತೆ ಎನ್ನುವುದೂ ನೆನಪಿರಲಿ.

ಮೇಲಂತಸ್ತು ಬಾಡಿಗೆಗೆ ಕೊಡುವವರಿಗೆ ಇನ್ನೊಂದು ಎಚ್ಚರಿಕೆ. ಬಾಡಿಗೆಯವರ ಕಿಟಕಿ ತೊಟ್ಟಿಯ ಕಡೆಗಿದ್ದರೆ ಮನೆಯ ಹೆಂಗಸರಿಗೆ ತೊಟ್ಟಿ ಇದ್ದೂ ಇಲ್ಲದಂತೆ. ಮೆಟ್ಟಿಲು ಹೊರಗಿನಿಂದ ಇರಲಿ, ಅವರ ಕಿಟಕಿ ರಸ್ತೆಗಿರಲಿ. ತೊಟ್ಟಿಯ ಕಡೆ ಬೆಳಕಿಂಡಿ ಮಾತ್ರ, ಅದೂ ತಲೆಗಿಂತ ಎತ್ತರದಲ್ಲಿ.

ಅಂಗಡಿ ಲೆಕ್ಕ

ಸಂತೇಪೇಟೆಯವರ ಮನೆಯಲ್ಲಿ ಕೊನೆಗೇನಾಯಿತು? ಮಗ "ಒಂದು ರೂಮು ಹೋಯ್ತು" ಎಂದು ನಾಲ್ಕನೆಯ ಸಲ ಹೇಳಿದ ದಿನ ಯಜಮಾನರು ಅಂಗಡಿಯ ಗಲ್ಲಾ ಮೇಲೆ ಕೂತಿದ್ದರಂತೆ. ಬಿಲ್ ಪುಸ್ತಕದ ಹಿಂಬದಿಯಲ್ಲಿ 24-34ರ ಚೌಕ ಬರೆದು, ನಡುವೆ ಇನ್ನೊಂದು ಚೌಕ ಬರೆದು, ಅಳಿಸಿ, ಮತ್ತೆ ಬರೆದು ನೋಡುತ್ತಿದ್ದರು.

"ನೋಡಪ್ಪ, ಗಿರಾಕಿ ನಿಂತಿರೋ ಆ ಜಾಗ ಇದೆಯಲ್ಲ, ಅದು ಎಷ್ಟು ಚದರಡಿ?"

ಮಗ ನೋಡಿದ. ಗಲ್ಲಾದ ಮುಂದೆ ಮೂರು ನಾಲ್ಕು ಜನ ನಿಲ್ಲುವಷ್ಟು ಜಾಗ.

"ಅಲ್ಲೂ ಒಂದು ರ್‍ಯಾಕ್ ಹಾಕಿ ಬೇಳೆ ಡಬ್ಬ ಜೋಡಿಸಬಹುದಿತ್ತು. ಜಾಗ ದಂಡ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ಅದು ಖಾಲಿ ಇದ್ರೇನೇ ಮಿಕ್ಕ ಜಾಗಕ್ಕೆ ವ್ಯಾಪಾರ."

ಮಗ ಉತ್ತರ ಕೊಡಲಿಲ್ಲ. ಆದರೆ ಆ ವಾರ ಇಂಜಿನಿಯರ ಹತ್ತಿರ ಹೋಗಿ ಪ್ಲಾನು ತಿದ್ದಿಸಿ ತಂದವನು ಅವನೇ. ತೊಟ್ಟಿ 10-12. ಮೇಲಂತಸ್ತು ಉತ್ತರಕ್ಕೆ. ಕೆಳಗೆ ಮೂರರ ಬದಲು ಎರಡು ಮಲಗುವ ಕೋಣೆ, ಅವನ ಕೋಣೆ ಮೇಲೆ. ತಾಯಿಯ ಷರತ್ತಿನಂತೆ ಮರ ಒಂದೇ, ಅದೂ ಕರಿಬೇವು. ಭಾನುವಾರ ಗುಡಿಸುವುದು ಅವನ ಪಾಳಿ.

ಮೇಸ್ತ್ರಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಮಾರ್ಕಿಂಗ್ ಮಾಡಿದ ದಿನ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾ, ನಡುವಿನ ಚೌಕ ಬಂದಾಗ ಕೈ ನಿಲ್ಲಿಸಿ ಕೇಳಿದ: "ಯಜಮಾನ್ರೇ, ಇನ್ನೂ ಕಾಲ ಮಿಂಚಿಲ್ಲ. ಇದನ್ನ ಸೇರಿಸಿಬಿಡ್ಲಾ?"

ಯಜಮಾನರು ಬಾಯಿ ತೆರೆಯುವ ಮೊದಲೇ ಅಜ್ಜಿ ಕೋಲೂರಿಕೊಂಡು ಹೋಗಿ ಆ ಚೌಕದ ನಡುವೆ ನಿಂತಿದ್ದರು. ಮೇಸ್ತ್ರಿ ಅವರ ಸುತ್ತಲೇ ಗೆರೆ ಎಳೆಯಬೇಕಾಯಿತು.